ಬೋರ್ಡು ಕೆಟ್ಟಿಲ್ಲ, ಮೊದಲು ಬಯಾಸ್ ನೋಡಿ

ಪ್ರಶ್ನೆ: ಭಾಲ್ಕಿಯಲ್ಲಿ ನನ್ನದು ಫೋಟೊ ಸ್ಟುಡಿಯೊ. ಮದುವೆ ಸೀಜನ್ನಿಗೆ ಅಂತ ಹೊಸ ಕಂಪ್ಯೂಟರ್ ಜೋಡಿಸಿಕೊಂಡೆ. ವಿಂಡೋಸ್‌ಗೆ ಒಂದು ಎಂ.2 ಎಸ್‌ಎಸ್‌ಡಿ, ಫೋಟೊ-ವಿಡಿಯೊ ಇಡಲು 4 ಟಿಬಿಯ ಎರಡು ಹಾರ್ಡ್ ಡಿಸ್ಕ್. ಎರಡರಲ್ಲೂ ಒಂದೇ ಪ್ರತಿ ಇರಲಿ ಎಂದು ಬಯಾಸ್‌ನಲ್ಲಿ ರೇಡ್ ಮಾಡಿದೆ. ವಿಂಡೋಸ್ ಹಾಕಲು ಹೋದರೆ ಒಂದು ಡಿಸ್ಕೂ ಕಾಣಲಿಲ್ಲ. ಸೆಟ್ಟಿಂಗ್ ಬದಲಿಸಿದ ಮೇಲೆ ವಿಂಡೋಸ್ ಆಯಿತು, ರೇಡ್ ಹೋಯಿತು. ಎರಡು ಡಿಸ್ಕಿನಲ್ಲಿ ಒಂದು ಆಗಾಗ ಮಾಯವಾಗುತ್ತದೆ. ಲ್ಯಾನ್ ಕಾರ್ಡ್ ಮೊದಲಿಗೆ ಕಾಣಲೇ ಇಲ್ಲ. ಈಗ ಕಂಡರೂ ಹಳೇ ಕಂಪ್ಯೂಟರಿನಿಂದ ಫೈಲ್ ತರುವಾಗ ಸೆಕೆಂಡಿಗೆ 11 ಎಂಬಿ ದಾಟುವುದಿಲ್ಲ. ಬೀದರಿನಲ್ಲಿ ತೋರಿಸಿದರೆ ‘ಬೋರ್ಡ್ ಖರಾಬ್ ಆಗ್ಯಾದ, ಬದಲಿ ಮಾಡ್ಬೇಕು’ ಅಂದರು. ಔರಾದಿನಲ್ಲಿರುವ ನಮ್ಮ ಅಣ್ಣನೂ ತನ್ನ ಸ್ಟುಡಿಯೊದಲ್ಲಿ ಹೀಗೇ ಮಾಡಬೇಕೆಂದಿದ್ದಾನೆ, ಅವನ ಡಿಸ್ಕಿನಲ್ಲಿ ಈಗಾಗಲೇ ಹತ್ತು ವರ್ಷದ ಫೋಟೊ ಇವೆ. ಏನು ಮಾಡಬೇಕ್ರಿ?

ಉತ್ತರ: ಮೊದಲು ನಿಮ್ಮ ಅಣ್ಣನವರಿಗೆ ಫೋನ್ ಮಾಡಿ, ಈ ಉತ್ತರ ಪೂರ್ತಿ ಓದುವತನಕ ಆ ಡಿಸ್ಕ್ ಮುಟ್ಟಬೇಡಿ ಎಂದು ಹೇಳಿಬಿಡಿ. ಬಯಾಸ್‌ನಲ್ಲಿ ಹೊಸದಾಗಿ ರೇಡ್ ಕಟ್ಟಿದರೆ ಅದಕ್ಕೆ ಸೇರಿಸಿದ ಡಿಸ್ಕಿನಲ್ಲಿದ್ದುದೆಲ್ಲ ಹೋಗುತ್ತದೆ. ಪರದೆಯ ಮೇಲೆ ಒಂದು ಸಾಲಿನ ಎಚ್ಚರಿಕೆ ಬರುತ್ತದೆ, ಅವಸರದಲ್ಲಿ ‘ವೈ’ ಒತ್ತಿದರೆ ಮುಗಿಯಿತು. ಹತ್ತು ವರ್ಷದ ಮದುವೆಗಳನ್ನು ಯಾರೂ ಮತ್ತೊಮ್ಮೆ ನಡೆಸಿಕೊಡಲಾರರು.

ಇನ್ನು ನಿಮ್ಮ ಕಂಪ್ಯೂಟರ್. ಬೋರ್ಡು ಕೆಟ್ಟಿದೆ ಎನ್ನಲು ನೀವು ಬರೆದುದರಲ್ಲಿ ನನಗೆ ಒಂದು ಆಧಾರವೂ ಸಿಗಲಿಲ್ಲ. ನಿಮಗಿರುವುದು ಒಂದು ತೊಂದರೆಯಲ್ಲ, ನಾಲ್ಕು. ನಾಲ್ಕೂ ಒಟ್ಟಿಗೆ ಬಂದದ್ದರಿಂದ ಒಂದೇ ರೋಗ ಎನಿಸಿದೆ. ವಿಂಡೋಸ್‌ಗೆ ಡಿಸ್ಕ್ ಕಾಣದಿರುವುದು ಬೇರೆ, ಒಂದು ಡಿಸ್ಕ್ ಬಂದು ಹೋಗುವುದು ಬೇರೆ, ಲ್ಯಾನ್ ಕಾರ್ಡ್ ಕಾಣದಿರುವುದು ಬೇರೆ, 11 ಎಂಬಿಗೆ ನಿಂತಿರುವುದು ಬೇರೆ.

ಬೀದರಿನ ನೌಬಾದಿನಲ್ಲಿ ಬಹಮನಿ ಕಾಲದ ಕರೇಜ್ ಇದೆಯಲ್ಲ, ಸುರಂಗ ಬಾವಿ. ಕೆಂಪು ಜಂಬಿಟ್ಟಿಗೆ ಕಲ್ಲನ್ನು ಕೊರೆದು ನೆಲದೊಳಗೆ ಕಾಲುವೆ ಮಾಡಿದ್ದಾರೆ, ಅದರ ಉದ್ದಕ್ಕೂ ಅಲ್ಲಲ್ಲಿ ಮೇಲಿಂದ ಬಾವಿ ಇಳಿಸಿದ್ದಾರೆ. ಕೊನೆಯಲ್ಲಿ ನೀರು ಬರದಿದ್ದರೆ ಇಡೀ ಸುರಂಗ ಅಗೆಯಬೇಕಿಲ್ಲ. ಒಂದೊಂದೇ ಬಾವಿಗೆ ಇಣುಕುತ್ತ ಬಂದರೆ ಎಲ್ಲಿಯತನಕ ನೀರಿದೆ, ಎಲ್ಲಿಂದಾಚೆ ಇಲ್ಲ ಎಂಬುದು ಗೊತ್ತಾಗುತ್ತದೆ. ಹೂಳು ಕೂತಿರುವುದು ಆ ಎರಡು ಬಾವಿಗಳ ನಡುವೆ. ಹೊಸ ಕಂಪ್ಯೂಟರಿನಲ್ಲಿ ಇಣುಕಬೇಕಾದ ಮೊದಲ ಬಾವಿ ಬಯಾಸ್, ಎರಡನೆಯದು ವಿಂಡೋಸಿನ ಡಿವೈಸ್ ಮ್ಯಾನೇಜರ್, ಮೂರನೆಯದು ಡಿಸ್ಕ್ ಮ್ಯಾನೇಜ್‌ಮೆಂಟ್. ಬಯಾಸ್‌ನಲ್ಲಿ ಡಿಸ್ಕ್ ಕಂಡು ವಿಂಡೋಸಿನಲ್ಲಿ ಕಾಣದಿದ್ದರೆ ತಪ್ಪು ಬಹುಮಟ್ಟಿಗೆ ಡ್ರೈವರಿನದು, ತಂತಿಯದಲ್ಲ. ಬಯಾಸ್‌ನಲ್ಲೇ ಕಾಣದಿದ್ದರೆ ವಿಂಡೋಸನ್ನು ಎಷ್ಟು ಸಲ ಹಾಕಿದರೂ ಉಪಯೋಗವಿಲ್ಲ, ಕೇಸಿನ ಬಾಗಿಲು ತೆಗೆಯಬೇಕು.

ನಿಮ್ಮ ಮೊದಲ ತೊಂದರೆ ಡ್ರೈವರಿನದು. ಇಂಟೆಲ್‌ನ 11ನೇ ತಲೆಮಾರಿನಿಂದೀಚಿನ ಪ್ರೊಸೆಸರ್‌ಗಳಲ್ಲಿ ವಿಎಂಡಿ ಎಂಬ ಏರ್ಪಾಡಿದೆ. ಅದನ್ನು ಆನ್ ಮಾಡಿದರೆ ಡಿಸ್ಕ್‌ಗಳೆಲ್ಲ ಅದರ ಹಿಂದೆ ಹೋಗಿ ನಿಲ್ಲುತ್ತವೆ, ಅದರ ಡ್ರೈವರ್ ಇಲ್ಲದ ವಿಂಡೋಸ್‌ಗೆ ಬರಿ ಗೋಡೆ ಕಾಣುತ್ತದೆ. ಎಎಂಡಿ ಬೋರ್ಡಿನಲ್ಲಿ ರೇಡ್ ಮಾಡಿದರೂ ಇದೇ ಕಥೆ. ಬೋರ್ಡ್ ತಯಾರಿಸಿದ ಕಂಪನಿಯ ಪುಟದಿಂದ ರೇಡ್ ಡ್ರೈವರ್ ಇಳಿಸಿಕೊಂಡು, ಬಿಚ್ಚಿ, ಆ ಫೋಲ್ಡರನ್ನು ಪೆನ್ ಡ್ರೈವಿಗೆ ಹಾಕಿ, ಡಿಸ್ಕ್ ಕೇಳುವ ಪರದೆಯಲ್ಲಿ ‘ಲೋಡ್ ಡ್ರೈವರ್’ ಒತ್ತಿ ತೋರಿಸಬೇಕು. ಬಿಚ್ಚದೆ ಜಿಪ್ ಫೈಲನ್ನೇ ಹಾಕಿದರೆ ಅದು ಓದುವುದಿಲ್ಲ. ತುಂಬ ಜನ ಸೋಲುವುದು ಇಲ್ಲೇ.

ಆದರೆ ನೀವು ಆ ದಾರಿ ಹಿಡಿಯುವುದು ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಈಗ ವಿಂಡೋಸ್ ಎಎಚ್‌ಸಿಐ ಎಂಬ, ರೇಡ್ ಇಲ್ಲದ ಸಾದಾ ಮೋಡಿನಲ್ಲಿ ಕೂತಿದೆ, ಅಲ್ಲೇ ಇರಲಿ. (ಈಗ ಮತ್ತೆ ಬಯಾಸ್‌ಗೆ ಹೋಗಿ ಮೋಡ್ ತಿರುಗಿಸಿದರೆ ವಿಂಡೋಸ್ ನೀಲಿ ಪರದೆ ತೋರಿಸಿ ನಿಲ್ಲುತ್ತದೆ. ಗಾಬರಿಯಾಗಬೇಡಿ, ಮೋಡನ್ನು ಮೊದಲಿದ್ದಂತೆ ಇಟ್ಟರೆ ಸರಿಹೋಗುತ್ತದೆ.) ಬೋರ್ಡಿನ ರೇಡ್ ಕಟ್ಟಿದರೆ ನಾಳೆ ಬೋರ್ಡೇ ಸುಟ್ಟಾಗ ಅದೇ ಬಗೆಯ ಚಿಪ್ ಇರುವ ಇನ್ನೊಂದು ಬೋರ್ಡನ್ನು ಹುಡುಕಿಕೊಂಡು ಹೈದರಾಬಾದಿಗೋ ಬೆಂಗಳೂರಿಗೋ ಅಲೆಯಬೇಕು. ವಿಂಡೋಸಿನಲ್ಲೇ ಇರುವ ಸ್ಟೋರೇಜ್ ಸ್ಪೇಸಸ್‌ನಲ್ಲಿ ‘ಟೂ-ವೇ ಮಿರರ್’ (ಎರಡರಲ್ಲೂ ಒಂದೇ ಪ್ರತಿ) ಮಾಡಿದರೆ ಆ ಜೋಡಿ ಡಿಸ್ಕನ್ನು ಭಾಲ್ಕಿಯಲ್ಲಿ ಅಷ್ಟೇ ಹೊಸ ವಿಂಡೋಸ್ ಇರುವ ಯಾವ ಕಂಪ್ಯೂಟರಿಗೆ ಹಚ್ಚಿದರೂ ತೆರೆಯುತ್ತದೆ. ಇದೂ ಕಟ್ಟುವಾಗ ಎರಡೂ ಡಿಸ್ಕನ್ನು ಒರೆಸಿಹಾಕುತ್ತದೆ, ನಿಮ್ಮವು ಇನ್ನೂ ಖಾಲಿ ಎಂಬುದನ್ನು ಖಾತ್ರಿ ಮಾಡಿಕೊಳ್ಳಿ. ಅಣ್ಣನವರು ಹೊಸ ಡಿಸ್ಕ್ ಎರಡು ಕೊಂಡು ಅವುಗಳಲ್ಲಿ ಮಿರರ್ ಕಟ್ಟಿ, ಆಮೇಲೆ ಹಳೆಯದರಿಂದ ನಕಲು ಮಾಡಿಕೊಳ್ಳಬೇಕು. ಹಳೆಯದನ್ನು ಹಾಗೇ ತೆಗೆದಿಡಬೇಕು. ಇನ್ನೊಂದು ಮಾತು: ಫೋಟೊ ಇರುವ ಡಿಸ್ಕನ್ನು ಹಚ್ಚಿದಾಗ ವಿಂಡೋಸ್ ‘ಇನಿಶಿಯಲೈಸ್ ಮಾಡಲೇ’ ಎಂದು ಕೇಳಿದರೆ ಒಪ್ಪಬಾರದು. ಕ್ಯಾನ್ಸಲ್ ಒತ್ತಿ, ಕಾರಣ ಹುಡುಕಬೇಕು.

ಅಂದಹಾಗೆ 4 ಟಿಬಿ ಡಿಸ್ಕ್ 3.63 ಎಂದು ತೋರಿಸಿದರೆ ಅಂಗಡಿಯವರ ಜತೆ ಜಗಳ ಬೇಡ. ಕಂಪನಿ ಸಾವಿರದ ಲೆಕ್ಕದಲ್ಲಿ ಎಣಿಸುತ್ತದೆ, ವಿಂಡೋಸ್ 1024ರ ಲೆಕ್ಕದಲ್ಲಿ.

ಎರಡನೆಯದು, ಬಂದು ಹೋಗುವ ಡಿಸ್ಕ್. ಅದು ಯಾವಾಗಲೂ ಕಾಣದಿದ್ದರೆ ನಾನು ಬೋರ್ಡಿನ ಪುಸ್ತಕ ನೋಡಿ ಎನ್ನುತ್ತಿದ್ದೆ. ಅನೇಕ ಬೋರ್ಡುಗಳಲ್ಲಿ ಒಂದು ಎಂ.2 ಕಿಂಡಿ ತುಂಬಿದರೆ ಹಾರ್ಡ್ ಡಿಸ್ಕ್ ಹಚ್ಚುವ ಒಂದೋ ಎರಡೋ ಸಾಟಾ ಪೋರ್ಟ್ ತಾನಾಗಿ ಬಂದ್ ಆಗುತ್ತದೆ. ಪುಸ್ತಕದಲ್ಲಿ ಚಿಕ್ಕಕ್ಷರದಲ್ಲಿ ಅದನ್ನು ಬರೆದಿರುತ್ತಾರೆ, ಕೇಬಲ್ಲನ್ನು ಪಕ್ಕದ ಪೋರ್ಟಿಗೆ ಹಚ್ಚಿದರೆ ಮುಗಿಯಿತು. ನಿಮ್ಮದು ಆಗಾಗ ಮಾತ್ರ ಹೋಗುತ್ತದೆ, ಆದ್ದರಿಂದ ನನ್ನ ಅನುಮಾನ ಕೇಬಲ್ಲಿನ ಮೇಲೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶ ಹಾಕಿ, ಆ ಡಿಸ್ಕಿನ ಪಟ್ಟಿಯಲ್ಲಿ ಮೂರು ಸಾಲು ನೋಡಿ: 05, ಸಿ5, ಸಿ7. 05 ಎಂದರೆ ಡಿಸ್ಕ್ ತನ್ನ ಮೈಮೇಲಿನ ಹಾಳಾದ ಜಾಗ ಬಿಟ್ಟು ಬೇರೆ ಜಾಗಕ್ಕೆ ಬರೆದ ಲೆಕ್ಕ. ಸಿ5 ಎಂದರೆ ಓದಲಾಗದೆ ಬಾಕಿ ಉಳಿದ ಜಾಗ. ಹೊಸ ಡಿಸ್ಕಿನಲ್ಲಿ ಈ ಎರಡೂ ಸೊನ್ನೆ ಇರಬೇಕು, ಏರುತ್ತಿದ್ದರೆ ವಾರಂಟಿಯಲ್ಲಿ ವಾಪಸ್ ಕೊಡಿ. ಸಿ7 ಮಾತ್ರ ಡಿಸ್ಕಿನ ದೋಷವಲ್ಲ. ಡಿಸ್ಕಿಗೂ ಬೋರ್ಡಿಗೂ ನಡುವೆ ಮಾತು ತಪ್ಪಿಹೋದ ಲೆಕ್ಕ. ಇವತ್ತಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಸಾಟಾ ಕೇಬಲ್ ಬದಲಿಸಿ, ಈ ಸಲ ‘ಟಕ್’ ಎಂದು ಕೂರುವ ಲೋಹದ ಕೊಂಡಿ ಇರುವುದನ್ನು ಹಾಕಿ. ಒಂದು ದಿನ ಫೈಲ್ ಓಡಾಡಿಸಿದ ಮೇಲೂ ಸಂಖ್ಯೆ ಏರದಿದ್ದರೆ ತಪ್ಪು ಕೇಬಲ್ಲಿನದೇ ಆಗಿತ್ತು. ಸಂಖ್ಯೆ ಕಡಿಮೆಯಾಗಲಿ ಎಂದು ಕಾಯಬೇಡಿ, ಅದು ಇಳಿಯುವ ಲೆಕ್ಕವಲ್ಲ. ಕೇಬಲ್ ಬದಲಿಸಿದರೂ ಡಿಸ್ಕ್ ಹೋಗುತ್ತಿದ್ದರೆ ಅದಕ್ಕೆ ಕರೆಂಟ್ ಕೊಡುವ ಪ್ಲಗ್ಗನ್ನು ನೋಡಿ. ಒಂದರಿಂದ ಎರಡು ಮಾಡುವ ಅಗ್ಗದ ಜೋಡುತಂತಿ ಹಾಕಿದ್ದರೆ ತೆಗೆದು, ಪವರ್ ಸಪ್ಲೈಯಿಂದ ಬರುವ ತಂತಿಯನ್ನೇ ನೇರ ಕೊಡಿ.

ಈಗ ಲ್ಯಾನ್ ಕಾರ್ಡ್. ಮೊದಲಿಗೆ ಅದು ಕಾಣದಿದ್ದದ್ದು ಸಹಜ. ಇತ್ತೀಚಿನ ಬೋರ್ಡುಗಳ 2.5 ಗಿಗಾಬಿಟ್ ಚಿಪ್ಪುಗಳಿಗೆ ಡ್ರೈವರ್ ವಿಂಡೋಸಿನಲ್ಲಿ ಎಷ್ಟೋ ಸಲ ಇರುವುದಿಲ್ಲ. ಡ್ರೈವರ್ ತರಲು ನೆಟ್ ಬೇಕು, ನೆಟ್ ಬರಲು ಡ್ರೈವರ್ ಬೇಕು. ನೀವು ಹೇಗೋ ದಾಟಿದ್ದೀರಿ, ಅಣ್ಣನವರಿಗೆ ಸುಲಭದ ದಾರಿ ಹೇಳಿ: ಮೊಬೈಲನ್ನು ಯುಎಸ್‌ಬಿ ತಂತಿಯಿಂದ ಹಚ್ಚಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ಸಾಮಾನ್ಯವಾಗಿ ಕಂಪ್ಯೂಟರಿಗೆ ನೆಟ್ ಬಂದುಬಿಡುತ್ತದೆ, ವೈಫೈ ಕಾರ್ಡೂ ಬೇಕಿಲ್ಲ. ಯಾವ ಡ್ರೈವರ್ ಎಂದು ತಿಳಿಯದಿದ್ದರೆ ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ಗುರುತಿನ ಸಾಲಿನ ಪ್ರಾಪರ್ಟೀಸ್‌ಗೆ ಹೋಗಿ ಹಾರ್ಡ್‌ವೇರ್ ಐಡಿ ನೋಡಬೇಕು. ಅಲ್ಲಿ ‘ವೆನ್’ ಎಂಬುದರ ಮುಂದೆ 10ಇಸಿ ಇದ್ದರೆ ಚಿಪ್ ರಿಯಲ್‌ಟೆಕ್‌ನದು, 8086 ಇದ್ದರೆ ಇಂಟೆಲ್‌ನದು. ಇಂಟೆಲ್ 1978ರಲ್ಲಿ ತಂದ ತನ್ನ ಹೆಸರಾಂತ ಪ್ರೊಸೆಸರಿನ ಸಂಖ್ಯೆಯನ್ನೇ ಮನೆತನದ ಗುರುತಾಗಿ ಇಟ್ಟುಕೊಂಡಿದೆ. ನಿನ್ನೆ ಇದ್ದ ಕಾರ್ಡ್ ಇವತ್ತು ಪೂರ್ತಿ ಮಾಯವಾದರೆ, ಕಂಪ್ಯೂಟರ್ ಬಂದ್ ಮಾಡಿ, ಗೋಡೆಯ ಪ್ಲಗ್ ಕಿತ್ತು, ಪವರ್ ಬಟನ್ನನ್ನು ಹದಿನೈದು ಸೆಕೆಂಡ್ ಒತ್ತಿಹಿಡಿದು, ಮತ್ತೆ ಶುರು ಮಾಡಿ. ಪ್ಲಗ್‌ನಲ್ಲಿರುವವರೆಗೆ ಆ ಚಿಪ್ಪಿಗೆ ಸಣ್ಣಗೆ ಕರೆಂಟ್ ಹೋಗುತ್ತಲೇ ಇರುತ್ತದೆ, ಬರಿ ರೀಸ್ಟಾರ್ಟ್ ಮಾಡಿದರೆ ಅದು ಪೂರ್ತಿ ಎಚ್ಚರಾಗುವುದಿಲ್ಲ.

ನಿಮ್ಮ ಪತ್ರದಲ್ಲಿ ನನಗೆ ಬಹಳ ಇಷ್ಟವಾದದ್ದು ಆ 11. ಸುಮ್ಮನೆ ‘ನಿಧಾನ’ ಎಂದು ಬರೆದಿದ್ದರೆ ನಾನು ಹತ್ತು ಕಾರಣ ಊಹಿಸಬೇಕಾಗುತ್ತಿತ್ತು. 100 ಮೆಗಾಬಿಟ್ ಲೈನಿನಲ್ಲಿ ಫೈಲ್ ಹೋಗುವ ವೇಗ ಸೆಕೆಂಡಿಗೆ 11 ಎಂಬಿಯ ಆಸುಪಾಸು, ಗಿಗಾಬಿಟ್ಟಿನಲ್ಲಿ 110ರ ಆಸುಪಾಸು. ಅಂದರೆ ನಿಮ್ಮ ಕಾರ್ಡು 100ಕ್ಕೆ ಇಳಿದು ಕೂತಿದೆ. ಹಳೇ ಕಂಪ್ಯೂಟರಿನ ಕಾರ್ಡೋ ನಡುವಿನ ಸ್ವಿಚ್ಚೋ 100ರದಾಗಿದ್ದರೆ ಅದೇ ಕಾರಣ, ಅದನ್ನು ಮೊದಲು ನೋಡಿ. ಅವೆರಡೂ ಗಿಗಾಬಿಟ್ ಆಗಿದ್ದರೆ ಕಾರಣ ಬಹುಪಾಲು ತಂತಿಯ ತುದಿಯಲ್ಲಿದೆ. ಲ್ಯಾನ್ ಕೇಬಲ್ಲಿನೊಳಗೆ ಎಂಟು ಎಳೆ. 100 ಮೆಗಾಬಿಟ್ಟಿಗೆ ನಾಲ್ಕು ಸಾಕು: 1, 2, 3 ಮತ್ತು 6ನೆಯದು. ಗಿಗಾಬಿಟ್ಟಿಗೆ ಎಂಟೂ ಬೇಕು. ಉಳಿದ ನಾಲ್ಕರಲ್ಲಿ ಒಂದು ಸರಿಯಾಗಿ ತಾಗದಿದ್ದರೂ ಕಾರ್ಡು ತಾನಾಗಿ ಕೆಳಗಿಳಿಯುತ್ತದೆ, ಎಲ್ಲೂ ಎರರ್ ತೋರಿಸುವುದಿಲ್ಲ, ಲೈಟೂ ಉರಿಯುತ್ತಿರುತ್ತದೆ.

ಔರಾದಿನ ಒಂದು ಅಂಗಡಿಯಲ್ಲಿ ಇದೇ ತೊಂದರೆಗೆ ಎರಡು ದಿನ ಡ್ರೈವರ್ ಬದಲಿಸಿ ಬದಲಿಸಿ ಸಾಕಾಗಿ, ಕೊನೆಗೆ ನಾನು ಕೇಬಲ್ ಕಿತ್ತುಕೊಂಡು ಹೊರಗೆ ಬಿಸಿಲಿಗೆ ಬಂದು ನಿಂತಿದ್ದೆ. ಜಾಕಿನ ಮೂತಿಯನ್ನು ಕಣ್ಣಿನ ಹತ್ತಿರ ಹಿಡಿದರೆ ಎಂಟು ತಾಮ್ರದ ಚುಕ್ಕಿ ಸಾಲಾಗಿ ಹೊಳೆಯಬೇಕು. ಏಳು ಹೊಳೆಯುತ್ತಿದ್ದವು. ಏಳನೆಯ ಎಳೆ, ಕಂದು-ಬಿಳಿ, ಅಕ್ಕಿಕಾಳಿನಷ್ಟು ಗಿಡ್ಡವಾಗಿ ಒಳಗೇ ಉಳಿದಿತ್ತು, ಅದರ ಮೇಲಿನ ಚಿನ್ನದ ಹಲ್ಲು ಗಾಳಿಯನ್ನು ಕಚ್ಚಿತ್ತು. ಜಾಕ್ ಕತ್ತರಿಸಿ ಹೊಸದು ಕ್ರಿಂಪ್ ಮಾಡಿದೆ, ಐದು ನಿಮಿಷದ ಕೆಲಸ. ಬಣ್ಣದ ಸಾಲು ಎಡದಿಂದ ಹೀಗೆ: ಕಿತ್ತಳೆ-ಬಿಳಿ, ಕಿತ್ತಳೆ, ಹಸಿರು-ಬಿಳಿ, ನೀಲಿ, ನೀಲಿ-ಬಿಳಿ, ಹಸಿರು, ಕಂದು-ಬಿಳಿ, ಕಂದು. ಜಾಕಿನ ಕೊಂಡಿ ನೆಲದ ಕಡೆ, ಎಳೆ ಒಳಹೋಗುವ ಬಾಯಿ ನಿಮ್ಮ ಕಡೆ ಇರುವಂತೆ ಹಿಡಿದು ಎಣಿಸಿ. ಎರಡೂ ತುದಿಗೆ ಇದೇ ಸಾಲು. ಕೇಬಲ್ ಕೊಳ್ಳುವಾಗ ಶುದ್ಧ ತಾಮ್ರದ್ದೇ ಕೇಳಿ, ತಾಮ್ರ ಬಳಿದ ಅಲ್ಯೂಮಿನಿಯಂ ಎಳೆ ಎಷ್ಟೋ ಸಲ ಕ್ರಿಂಪ್ ಮಾಡುವಾಗಲೇ ಮುರಿಯುತ್ತದೆ.

ನಮ್ಮ ಜಿಲ್ಲೆಯಲ್ಲಿ ಮೇ ತಿಂಗಳ ಕೊನೆಯ ಗುಡುಗು-ಸಿಡಿಲು ನಿಮಗೆ ಗೊತ್ತೇ ಇದೆ. ಕಂಬದಿಂದ ನೇರವಾಗಿ ಲ್ಯಾನ್ ತಂತಿ ಎಳೆದು ಕಂಪ್ಯೂಟರಿಗೆ ಕೊಟ್ಟಿದ್ದರೆ ಸಿಡಿಲಿನ ಹೊಡೆತ ಆ ತಾಮ್ರದ ಮೂಲಕವೇ ಒಳಗೆ ಬರುತ್ತದೆ, ಮೊದಲು ಹೋಗುವುದು ಲ್ಯಾನ್ ಚಿಪ್. ಒಳಗಿನ ತನಕ ಫೈಬರ್ ಕೊಡಲು ನೆಟ್ ಕೊಡುವವರನ್ನು ಕೇಳಿ, ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ. ಯುಪಿಎಸ್ ಅಂತೂ ಇರಲೇಬೇಕು. ಮಿರರ್‌ನ ಒಂದು ಡಿಸ್ಕಿಗೆ ಬರೆದು ಇನ್ನೊಂದಕ್ಕೆ ಬರೆಯುವಷ್ಟರಲ್ಲಿ ಕರೆಂಟ್ ಹೋದರೆ ಎರಡನ್ನೂ ಮತ್ತೆ ಹೊಂದಿಸಬೇಕಾಗುತ್ತದೆ. ಒಂದು ಡಿಸ್ಕ್ ಕೆಟ್ಟು ಹೊಸದು ಹಾಕಿ, ತುಂಬಿದ 4 ಟಿಬಿಯನ್ನು ಪೂರ್ತಿ ಮರುತುಂಬಲು ಸೆಕೆಂಡಿಗೆ 150 ಎಂಬಿಯಂತೆ ಹಿಡಿದರೂ ಸುಮಾರು ಏಳೂವರೆ ಗಂಟೆ ಬೇಕು. ಆ ಹೊತ್ತಿನಲ್ಲಿ ಕಂಪ್ಯೂಟರ್ ಮಂದವಾದರೆ ಅದು ಕೆಟ್ಟದ್ದಲ್ಲ, ಕೆಲಸ ಮಾಡುತ್ತಿರುವುದು.

ರೇಡ್ ಎಂಬ ಹೆಸರು ಬಂದದ್ದು ಅಮೆರಿಕದ ಬರ್ಕ್ಲಿಯಿಂದ. 1988ರಲ್ಲಿ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬ ಮೂವರು, ದುಬಾರಿಯ ಒಂದು ದೊಡ್ಡ ಡಿಸ್ಕಿನ ಬದಲು ಅಗ್ಗದ ಸಣ್ಣ ಡಿಸ್ಕ್‌ಗಳ ಗುಂಪು ಕಟ್ಟಬಹುದು, ಒಂದು ಸತ್ತರೂ ಕೆಲಸ ನಿಲ್ಲದಂತೆ ಮಾಡಬಹುದು ಎಂದು ತೋರಿಸಿದರು. ಕೆಲಸ ನಿಲ್ಲಬಾರದು, ಅಷ್ಟೇ ಅದರ ಹೊಣೆ. ನೀವು ತಪ್ಪಿ ಒಂದು ಮದುವೆಯ ಫೋಲ್ಡರ್ ಅಳಿಸಿದರೆ ಮಿರರ್ ಅದನ್ನು ಎರಡೂ ಡಿಸ್ಕಿನಿಂದ ಅದೇ ಕ್ಷಣ ಅಳಿಸುತ್ತದೆ. ವೈರಸ್ ಬಂದರೆ ಎರಡಕ್ಕೂ ಬರುತ್ತದೆ. ಬೀದರಿನಲ್ಲಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾದಲ್ಲಿ ಮೂರು ಸಾವಿರ ಹಸ್ತಪ್ರತಿಗಳಿದ್ದವು ಎನ್ನುತ್ತಾರೆ. 17ನೇ ಶತಮಾನದ ಕೊನೆಯಲ್ಲಿ ಆದ ಸ್ಫೋಟಕ್ಕೆ ಸಿಕ್ಕ ಆ ಕಟ್ಟಡದ ಮುಂದೆ ಇವತ್ತು ಒಂದೇ ಮಿನಾರು ನಿಂತಿದೆ. ಅದರ ಮುಂದೆ ಹಾಯುವಾಗೆಲ್ಲ ನನಗೆ ಒಂದೇ ಸೂರಿನಡಿ ಇಟ್ಟ ಪ್ರತಿಗಳ ನೆನಪಾಗುತ್ತದೆ.

ಅದಕ್ಕೆ ನಿಮಗೆ ಅಣ್ಣನವರಿದ್ದಾರೆ. ತಿಂಗಳಿಗೊಮ್ಮೆ ನಿಮ್ಮ ಫೋಟೊಗಳನ್ನು ಹೊರಗಿನ ಒಂದು ಡಿಸ್ಕಿಗೆ ನಕಲು ಮಾಡಿ ಔರಾದಿಗೆ ಕಳಿಸಿ, ಅವರದು ಭಾಲ್ಕಿಗೆ ಬರಲಿ. ಕೇಬಲ್ ಬದಲಿಸುವ ಕೆಲಸ ಮೊದಲು ಮಾಡಿ, ಮಿರರ್ ಕಟ್ಟುವುದು ಆಮೇಲೆ, ಒಂದು ಸಲಕ್ಕೆ ಒಂದೇ ಬದಲಾವಣೆ. ಇಷ್ಟಾದ ಮೇಲೂ ಡಿಸ್ಕ್ ಬಂದು ಹೋಗುತ್ತಿದ್ದರೆ ಬೋರ್ಡಿನ ಹೆಸರು, ಬಯಾಸ್ ಪರದೆಯ ಫೋಟೊ, ಸಿ7ರ ಮೊದಲಿನ ಮತ್ತು ಈಗಿನ ಸಂಖ್ಯೆ ಬರೆದು ಕಳಿಸಿ. ಆಗ ಬೋರ್ಡಿನ ಮಾತು ಆಡೋಣ.