ಅಜ್ಜಿಯ ಕಾಸಿನ ಸರ

ರೇಷ್ಮೆ ಬೆಳೆ ಕೈಕೊಟ್ಟ ವರ್ಷ ಅಜ್ಜಿಯ ಕಾಸಿನ ಸರ ಅಡವಿಡಲು ಮಾಗಡಿಯಿಂದ ರಾಮನಗರಕ್ಕೆ ಹೋದೆ. ಅಂಗಡಿಯವರು ಒಂದು ಕಾಸನ್ನು ಒರೆಗಲ್ಲಿಗೆ ತಿಕ್ಕಿ, ಗೆರೆಯ ಮೇಲೆ ಆಸಿಡ್ ಬಿಟ್ಟರು. ಗೆರೆ ಮಾಯವಾಯಿತು. ‘ಹಿತ್ತಾಳೆ ಕಣಮ್ಮ, ಮೇಲೆ ಚಿನ್ನದ ನೀರು’ ಎಂದರು.

ವಾಪಸು ಬರುವ ಬಸ್ಸಿನಲ್ಲಿ ಒಂದೇ ಯೋಚನೆ: ಯಾರೋ ಬದಲಾಯಿಸಿದ್ದಾರೆ. ಅಜ್ಜಿಯ ಕೊನೆಗಾಲದಲ್ಲಿ ಪೆಟ್ಟಿಗೆಯ ಬೀಗದಕೈ ಇದ್ದದ್ದು ಚಿಕ್ಕಮ್ಮನ ಹತ್ತಿರ. ಫೋನ್ ಮಾಡಿ ಕೇಳಿಯೂಬಿಟ್ಟೆ. ಚಿಕ್ಕಮ್ಮ ಮಾತಾಡದೆ ಫೋನಿಟ್ಟರು.

ಸರವನ್ನು ಬಿಸಿಲಿಗೆ ಹಿಡಿದು ಸರಿಯಾಗಿ ನೋಡಿದ್ದು ಆಮೇಲೆ. ಕಾಸುಗಳು ಬ್ರಿಟಿಷರ ಕಾಲದ ಸವರನ್ ಎಂಬ ನಾಣ್ಯದ ಹಾಗಿದ್ದವು. ನಿಜವಾದ ಸವರನ್ ಸುಮಾರು 22 ಮಿಲಿಮೀಟರ್ ಅಗಲ, 7.98 ಗ್ರಾಂ ತೂಕ, 22 ಕ್ಯಾರೆಟ್ ಚಿನ್ನ. ನಮ್ಮ ಕಾಸು ಅಷ್ಟೇ ಅಗಲವಿದ್ದರೂ ನಾಲ್ಕು ಗ್ರಾಂ ತೂಗಲಿಲ್ಲ. ಸವರನ್ನಿನ ಅಂಚಿನ ಸುತ್ತ ಸಣ್ಣ ಗೀರುಗಳಿರುತ್ತವೆ, ಇದರದು ನುಣ್ಣಗಿತ್ತು. ಅದರ ಮೇಲಿನ ರಾಣಿಯ ತಲೆಯ ಸುತ್ತಲಿನ ಅಕ್ಷರ ಕೂಡಿಸಿ ಓದಿದರೆ ಯಾವ ಪದವೂ ಆಗಲಿಲ್ಲ. ತುರ್ಕಿಯ ಕಡೆ ಹೆಂಗಸರ ತಲೆವಸ್ತ್ರಕ್ಕೆ ಹೊಲಿಯುವ ಸುಲ್ತಾನರ ನಾಣ್ಯದಂಥ ಬಿಲ್ಲೆಗಳಲ್ಲೂ ಹೀಗೇ, ಬರಹದ ಜಾಗದಲ್ಲಿ ಬರೀ ಗೀಚು. ಒಡವೆಗೆಂದೇ ಮಾಡಿದ ಕಾಸನ್ನು ಮೊದಲು ಹಿಡಿದುಕೊಡುವುದು ಅಕ್ಷರವೇ.

ಹದಿನೆಂಟು ಕಾಸುಗಳನ್ನೂ ಸಾಲಾಗಿ ಇಟ್ಟೆ. ಎಲ್ಲದರಲ್ಲೂ ಒಂದೇ ಇಸವಿ. ಎಲ್ಲದರಲ್ಲೂ ಅಚ್ಚಾಗಿರುವ ಕುದುರೆಯ ಹೊಟ್ಟೆಯ ಕೆಳಗೆ ಒಂದೇ ಜಾಗದಲ್ಲಿ ಎಳ್ಳಿನಷ್ಟು ಗಂಟು. ಒಂದೇ ಅಚ್ಚಿನಿಂದ ಬಂದವು. ಹಿಂಬದಿಯಲ್ಲಿ ಎದೆಗೆ ತಾಗಿದ ಕಡೆ ಚಿನ್ನದ ನೀರು ಪೂರಾ ಸವೆದಿತ್ತು, ದಾರ ಉಜ್ಜಿ ಕೊಂಡಿಗಳು ತೆಳುವಾಗಿದ್ದವು. ಅದು ನಾಲ್ಕಾರು ವರ್ಷದ ಸವಕಲಲ್ಲ, ಒಂದು ಆಯುಷ್ಯದ್ದು. ಅಜ್ಜಿ ಮದುವೆಗೆ ಹಾಕಿಕೊಂಡದ್ದೇ ಈ ಸರ. ಯಾರೂ ಬದಲಾಯಿಸಿರಲಿಲ್ಲ.

ಮರುದಿನ ಚನ್ನಪಟ್ಟಣಕ್ಕೆ ಹೋಗಿ ಚಿಕ್ಕಮ್ಮನ ಕಾಲು ಹಿಡಿದೆ. ‘ನಮ್ಮವ್ವನಿಗೂ ಗೊತ್ತಿತ್ತು ಕಣೆ, ಹಿತ್ತಾಳೆ ಅಂತ. ಚಿನ್ನ ತರೋ ಶಕ್ತಿ ಯಾರಿಗಿತ್ತು?’ ಎಂದರು.

ಅಲಂಕಾರಕ್ಕೆ ಮಾಡಿದ ಕಾಸು ಮೋಸವಲ್ಲ. ಅದನ್ನು ನಾಣ್ಯವೆಂದು ಮಾರಿದಾಗ ಮೋಸ. ಈಸ್ಟ್ ಇಂಡಿಯಾ ಕಂಪನಿಯ ಹೆಸರು, 1818ರ ಇಸವಿ, ಹನುಮಂತನ ಚಿತ್ರ ಇರುವ ತಾಮ್ರದ ಬಿಲ್ಲೆಗಳನ್ನು ಲಕ್ಷಾಂತರ ಬೆಲೆಯ ನಾಣ್ಯವೆಂದು ನಂಬಿಸುವವರಿದ್ದಾರೆ. ಕಂಪನಿ ಅಂಥ ನಾಣ್ಯ ಹೊರಡಿಸಿಯೇ ಇಲ್ಲ. ದುಡ್ಡು ಕೊಡುವ ಮುಂಚೆ, ಮನೆಯವರನ್ನು ಅನುಮಾನಿಸುವ ಮುಂಚೆ, ತೂಕ ನೋಡಿ, ಅಂಚು ಸವರಿ, ಅಕ್ಷರ ಓದಿ.

ಸರ ಈಗ ಪೆಟ್ಟಿಗೆಯಲ್ಲಿದೆ. ಜೊತೆಗೊಂದು ಚೀಟಿ ಬರೆದಿಟ್ಟಿದ್ದೇನೆ: ‘ಹಿತ್ತಾಳೆಯದು. ಅಜ್ಜಿಯ ಮದುವೆಯದು.’