ಬಲಗಾಲಿನ ಖರ್ಚು

ಇಳಿಜಾರಿನಲ್ಲಿ ಸ್ಕೇಟ್‌ಬೋರ್ಡ್ ಬಿಡುವವರಿಗೆ ಬ್ರೇಕ್ ಎಂದರೆ ಹಾಕಿಕೊಂಡ ಶೂ. ಮೈಭಾರವನ್ನೆಲ್ಲ ಮುಂದಿನ ಕಾಲಿನ ಮೇಲೆ ಊರಿ, ಹಿಂದಿನ ಪಾದವನ್ನು ಡಾಂಬರಿಗೆ ಚಪ್ಪಟೆಯಾಗಿ ಉಜ್ಜಬೇಕು. ಎಡಗಾಲು ಮುಂದಿಡುವ ನನ್ನಂಥವರಿಗೆ ಸವೆಯುವುದು ಬಲಗಾಲಿನದು ಮಾತ್ರ. ಅಂಗಡಿಯಲ್ಲಿ ಒಂಟಿ ಶೂ ಕೊಡುವುದಿಲ್ಲವಲ್ಲ!

ಹಾಗಾಗಿ ಹೊಸ ಶೂ ತಂದ ದಿನವೇ ಅದಕ್ಕೆ ಇನ್ನೊಂದು ಸೋಲ್ ಹಾಕಿಸುತ್ತೇನೆ. ಬೆಂಗಳೂರಿನ ನಮ್ಮ ಬೀದಿ ಕೊನೆಯಲ್ಲಿ ಕೂರುವ ರಿಪೇರಿಯವರು ಮೊದಲ ಸಲ ಅದನ್ನು ತಿರುಗಿಸಿ ನೋಡಿ, “ಇದಕ್ಕೇನಾಗಿದೆ ಸಾರ್?” ಎಂದರು. ಒಂದಕ್ಕೇ ಸಾಕು ಎಂದಾಗ, “ಆ ಕಾಲಿಗೆ ಬೇಡ್ವಾ?” ಎಂದು ನನ್ನ ನಡಿಗೆಯನ್ನೇ ಗಮನಿಸಿದರು. ಆದರೆ ಗಟ್ಟಿ ರಬ್ಬರ್ ಇರುವಾಗಲಷ್ಟೇ ಸೊಲ್ಯೂಷನ್ ಹಿಡಿಯುತ್ತದೆ. ಒಳಗಿನ ಸ್ಪಂಜು ಕಾಣುವಷ್ಟು ಸವೆದ ಮೇಲೆ ಅಂಟಿಸಲು ನೆಲೆಯೇ ಇರುವುದಿಲ್ಲ.

ಲೆಕ್ಕ ಹೀಗೆ. ಶೂ 1,800 ರೂಪಾಯಿ, ಸೋಲ್ 200. ನಾಲ್ಕು ಸೋಲ್ ಸವೆಯುವ ಹೊತ್ತಿಗೆ ಒಟ್ಟು 2,600. ಅಷ್ಟೇ ಉಜ್ಜಾಟಕ್ಕೆ ನಾಲ್ಕು ಜೊತೆ ಶೂ ಕೊಂಡರೆ 7,200, ಜೊತೆಗೆ ಮನೆ ತುಂಬ ಹೊಸದರಂತಿರುವ ಎಡಗಾಲಿನ ಶೂಗಳು. ಮೇಲಿನ ಸೋಲನ್ನು ಬೈಕಿನ ಬ್ರೇಕ್ ಪ್ಯಾಡಿನಂತೆ ಸವೆಯುವ ಸಾಮಾನೆಂದೇ ಎಣಿಸಿದರೆ ಶೂ ಬಂಡವಾಳವಾಗಿ ಉಳಿಯುತ್ತದೆ.

ಅಗ್ಗವೆಂದು ಹವಾಯಿ ಚಪ್ಪಲಿಯ ಶೀಟ್ ಹಾಕಿಸಬೇಡಿ, ಬೇಗ ಸವೆದು ಮುಗಿಯುತ್ತದೆ. ಕಾರಿನ ಹಳೇ ಟೈರಂತೂ ಬೇಡವೇ ಬೇಡ. ರೇಡಿಯಲ್ ಟೈರಿನೊಳಗೆ ಉಕ್ಕಿನ ತಂತಿ ಇರುತ್ತದೆ, ರಬ್ಬರ್ ಸವೆದಂತೆ ಅದು ಹೊರಬರುತ್ತದೆ. ಗಟ್ಟಿ ಸೋಲ್ ರಬ್ಬರ್, ಸುಮಾರು 6 ಮಿ.ಮೀ. ದಪ್ಪ, ನನಗೆ ಸರಿಹೋಗಿದೆ. ಇನ್ನೂ ದಪ್ಪವಾದರೆ ಕಾಲಿಗೆ ಹಲಗೆಯ ಹದ ತಿಳಿಯದು, ನಡೆವಾಗ ಕುಂಟುವುದೂ ತಪ್ಪದು. ಎರಡೂ ಮೈಗಳನ್ನು ತರಿಯಾಗುವಂತೆ ಉಜ್ಜಿ, ತೆಳ್ಳಗೆ ಸೊಲ್ಯೂಷನ್ ಸವರಿ, ಅದು ಅರೆ ಒಣಗಿ ಬೆರಳಿಗೆ ಜಿಗುಟಾದ ಮೇಲೆ ಒತ್ತಿ, ಸುತ್ತಿಗೆಯಿಂದ ಬಡಿಯಬೇಕು. ಮುಂದಿನ ಅಂಚನ್ನು ಓರೆಯಾಗಿ ಕೊಯ್ಯದಿದ್ದರೆ ರಸ್ತೆಗೆ ಸಿಕ್ಕಿ ಮುಗ್ಗರಿಸುತ್ತೇವೆ. ಮಾರನೆಯ ದಿನದವರೆಗೆ ನಾನು ಅದನ್ನು ಮುಟ್ಟುವುದಿಲ್ಲ. ಈ ಕೆಲಸಕ್ಕೆ ಚೌಕಾಸಿಯನ್ನೂ ಮಾಡುವುದಿಲ್ಲ. ಅವಸರದಲ್ಲಿ ಅಂಟಿಸಿದ್ದು ಇಳಿಜಾರಿನ ಮಧ್ಯೆ ಕಿತ್ತು ಬಂದರೆ ಉಳಿಸಿದ 50 ರೂಪಾಯಿ ಬ್ಯಾಂಡೇಜಿಗೂ ಸಾಲದು.

ಬೋರ್ಡನ್ನೇ ಅಡ್ಡ ತಿರುಗಿಸಿ ಜಾರಿಸಿ ನಿಲ್ಲಿಸುವವರೂ ಇದ್ದಾರೆ. ಸೊಗಸಾದ ವಿದ್ಯೆ. ಸವೆಯುವುದು ಮಾತ್ರ ಯುರಿಥೇನ್ ಚಕ್ರ, ಆಮದಾದ ಒಂದು ಸೆಟ್ಟಿಗೆ ನಾನು ತೆತ್ತದ್ದು ಶೂಗಿಂತ ಹೆಚ್ಚು.

ಸೋಲ್ ಎಷ್ಟು ಬಾಳುತ್ತದೆ ಎಂಬುದು ಯಾವ ವೇಗದಲ್ಲಿ ಕಾಲಿಡುತ್ತೀರಿ ಎಂಬುದರ ಮೇಲಿದೆ. ಗಂಟೆಗೆ 40 ಕಿ.ಮೀ.ನಿಂದ ನಿಲ್ಲಿಸುವುದಕ್ಕೆ 20ರಿಂದ ನಿಲ್ಲಿಸುವುದರ ನಾಲ್ಕು ಪಟ್ಟು ಶಕ್ತಿಯನ್ನು ಕರಗಿಸಬೇಕು, ದುಪ್ಪಟ್ಟಲ್ಲ. ಅದಕ್ಕೇ ನಾನು ಮೊದಲು ಬಗ್ಗಿದ ಮೈಯನ್ನು ನೆಟ್ಟಗೆ ಮಾಡಿ, ಎರಡೂ ಕೈ ಅಗಲಿಸಿ, ಗಾಳಿಗೆ ಆದಷ್ಟು ವೇಗವನ್ನು ತಿನ್ನಲು ಬಿಡುತ್ತೇನೆ. ಉಳಿದದ್ದಕ್ಕಷ್ಟೇ ಬಲಗಾಲು.