ಲಾನ್ ಸರೋವರದ ಏರಿ

ಮಳೆ ಸುರಿದು ನೀರು ಏರಿಯ ನೆತ್ತಿಯನ್ನು ಮೀರಿದಾಗ ಮಾತ್ರ ಕೆರೆ ಒಡೆಯುವುದೆಂದು ಜನರು ಸಾಮಾನ್ಯವಾಗಿ ಭಾವಿಸುತ್ತಾರೆ. ಮಣ್ಣಿನ ಏರಿಗೆ ಅದಕ್ಕಿಂತ ಗುಪ್ತನಾದ ಶತ್ರುವೊಂದು ಉಂಟು; ಅದು ತೂಬಿನ ಬಳಿಯ ಸೋರಿಕೆ.

ಅಮೆರಿಕದ ಕೊಲರಾಡೋ ರಾಜ್ಯದ ರಾಕಿ ಪರ್ವತಗಳಲ್ಲಿ, ಸುಮಾರು 11,000 ಅಡಿ ಎತ್ತರದಲ್ಲಿ ಲಾನ್ ಸರೋವರವಿದೆ. ಕರಗಿದ ಹಿಮದ ನೀರನ್ನು ಬೇಸಗೆಯ ಬೆಳೆಗಾಗಿ ಕೂಡಿಡಲು ಬಯಲಿನ ರೈತರು 1903ರಲ್ಲಿ ಅದರ ಬಾಯಿಗೆ ಮಣ್ಣಿನ ಏರಿಯನ್ನು ಹಾಕಿದರು. 1915ರಲ್ಲಿ ಸುತ್ತಣ ಪ್ರದೇಶವು ರಾಷ್ಟ್ರೀಯ ಉದ್ಯಾನವಾಯಿತು. ಏರಿಯ ಒಡೆತನ ಮಾತ್ರ ರೈತರ ನೀರಾವರಿ ಕಂಪನಿಯಲ್ಲಿಯೇ ಉಳಿಯಿತು. ವಾಹನಗಳು ಹೋಗಲಾರದ ಆ ಎತ್ತರದಲ್ಲಿ ಹಳೆಯ ಏರಿಯೊಂದನ್ನು ನೋಡಿಕೊಳ್ಳುವುದು ಸುಲಭದ ಕೆಲಸವಲ್ಲ.

ಏರಿಯ ಒಡಲಲ್ಲಿ ತೂಬಿನ ಕೊಳವೆಯೊಂದು ಹಾದುಹೋಗಿತ್ತು. ಕೊಳವೆಯೂ ನೀರು ಬಿಡುವ ಕವಾಟವೂ ಕೂಡುವ ಸಂದಿಗೆ ಸೀಸವನ್ನು ತುಂಬಲಾಗಿತ್ತು. ಕಾಲಾಂತರದಲ್ಲಿ ಸೀಸ ಸವೆಯಿತು. ಒತ್ತಡದಿಂದ ಚಿಮ್ಮಿದ ನೀರು ಸುತ್ತಲಿನ ಮಣ್ಣನ್ನು ಕಣಕಣವಾಗಿ ಕೊಚ್ಚತೊಡಗಿತು. ಹೊರಗೆ ಗಟ್ಟಿಯಾಗಿ ಕಾಣುತ್ತಿದ್ದ ಏರಿ ಒಳಗೆ ಟೊಳ್ಳಾಯಿತು.

1982ರ ಜುಲೈ 15ರ ಮುಂಜಾನೆ, ಸುಮಾರು ಐದೂವರೆ ಗಂಟೆಗೆ, 26 ಅಡಿ ಎತ್ತರದ ಆ ಏರಿ ಒಡೆಯಿತು. ಸೆಕೆಂಡಿಗೆ ಸುಮಾರು 18,000 ಘನ ಅಡಿಯಷ್ಟು ನೀರು ಬಂಡೆಗಳನ್ನೂ ಮರಗಳನ್ನೂ ಹೊತ್ತು ಕಣಿವೆಗೆ ಧುಮುಕಿತು. ನದಿಯ ದಡದಲ್ಲಿ ಬಿಡಾರ ಹೂಡಿದ್ದ ಒಬ್ಬನು ಕೊಚ್ಚಿಹೋದನು. ಕೆಳಗಡೆ ಕಸ ಸಾಗಿಸುವ ಕೆಲಸಗಾರನೊಬ್ಬನು ವಿಚಿತ್ರವಾದ ಆರ್ಭಟವನ್ನು ಕೇಳಿ, ದೂರವಾಣಿಯ ಮೂಲಕ ಕೂಡಲೆ ಸುದ್ದಿ ಮುಟ್ಟಿಸಿದನು. ಅವನು ಅದನ್ನು ವಿಮಾನದ ಸದ್ದೆಂದು ಸುಮ್ಮನಾಗಿದ್ದರೆ ಪ್ರಾಣಹಾನಿ ಎಷ್ಟಾಗುತ್ತಿತ್ತೊ!

ಮುಂದೆ ವಿಶಾಲವಾದ ಹುಲ್ಲುಗಾವಲೊಂದು ಎದುರಾಯಿತು. ಅಲ್ಲಿ ಪ್ರವಾಹವು ಹರಡಿ, ವೇಗ ಕುಗ್ಗಿ, ಹೊತ್ತು ತಂದ ಕಲ್ಲುಮಣ್ಣನ್ನು ಬೀಸಣಿಗೆಯ ಆಕಾರದಲ್ಲಿ ಸುಮಾರು 42 ಎಕರೆಯಷ್ಟು ನೆಲಕ್ಕೆ ಸುರಿಯಿತು. ಈ ತಡವು ಜನರನ್ನು ತೆರವುಗೊಳಿಸಲು ಅಧಿಕಾರಿಗಳಿಗೆ ಅವಕಾಶವನ್ನಿತ್ತಿತು. ಆದರೆ ಕೆಳಗಿದ್ದ 17 ಅಡಿ ಎತ್ತರದ ಕಾಂಕ್ರೀಟು ಕಟ್ಟೆಯೂ ಕುಸಿದಾಗ ನೀರು ಮತ್ತೆ ಭೋರ್ಗರೆಯಿತು. ಶಿಬಿರವೊಂದರಲ್ಲಿ ಇನ್ನಿಬ್ಬರು ಸತ್ತರು. ಎಸ್ಟೆಸ್ ಪಾರ್ಕ್ ಪಟ್ಟಣದ ಮುಖ್ಯ ಬೀದಿಯ ಅಂಗಡಿಗಳಿಗೆ ಕೆಸರುನೀರು ನುಗ್ಗಿತು. ಒಟ್ಟು ನಷ್ಟ ಸುಮಾರು 3 ಕೋಟಿ 10 ಲಕ್ಷ ಡಾಲರು. ಪಟ್ಟಣದ ಕೆಳಗಿನ ಎಸ್ಟೆಸ್ ಜಲಾಶಯವು ಕೊನೆಗೆ ಪ್ರವಾಹವನ್ನು ತನ್ನೊಳಗೆ ತಡೆದುಕೊಂಡಿತು.

ಆ ಏರಿಯನ್ನು ಮತ್ತೆ ಕಟ್ಟಲಿಲ್ಲ. ಲಾನ್ ಸರೋವರವು ಏರಿಗೆ ಮುಂಚಿನ ತನ್ನ ಸಹಜವಾದ ಅಳತೆಗೆ ಇಳಿದಿದೆ.